ಮೂಕಿ ಚಿತ್ರಕ್ಕೆ ಅತ್ತೆಯ ಮಾತು

ನಮ್ಮ ಸೋದರತ್ತೆಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವವರು ಅವರ ಜೊತೆ ಕೂತು ಟಿವಿ ನೋಡಿಲ್ಲ! ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ, ಮಗನ ಮನೆಯ ಸೋಫಾದ ಮೇಲಿಂದ, ಪರದೆಗೆ ಬಂದವರಿಗೆಲ್ಲ ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಹವಾಮಾನ ಹೇಳುವ ಸೂಟುಧಾರಿಗೂ ವಿನಾಯಿತಿಯಿಲ್ಲ. "ನಿನ್ನೇನೂ ಮೋಡ ತೋರಿಸ್ದೆ, ನಿನ್ನ ನಂಬಿ ಹಪ್ಪಳ ಒಳಗಿಟ್ಟೆ. ಸುಡು ಬಿಸಿಲು! ನಾಚ್ಕೆ ಆಗಲ್ವೇನಯ್ಯ?"

ಇಂಥ ಅತ್ತೆ ಮೆಲ್ಬರ್ನ್‌ಗೆ, ಗ್ಲೆನ್ ವೇವರ್ಲಿಯ ನಮ್ಮ ಮನೆಗೆ ಬಂದಾಗ ನಾನೂ ನನ್ನ ಹೆಂಡತಿಯೂ ಮಾತು ಬಿಟ್ಟು ವಾರವಾಗಿತ್ತು. ಕಾರಣ ಕ್ರಿಕೆಟ್. ಪ್ರತಿ ಶನಿವಾರ ಬಿಳಿ ಪ್ಯಾಂಟು ತೊಟ್ಟು ಹೊರಟರೆ ನಾನು ಮನೆಗೆ ಬರುತ್ತಿದ್ದುದು ಸಂಜೆಗೆ. ದೊಡ್ಡ ಆಟಗಾರನೆಂದು ತಿಳಿಯಬೇಡಿ, ಹನ್ನೆರಡನೆಯವನಾಗಿ ನೀರಿನ ಬಾಟಲಿ ಹೊರುತ್ತಿದ್ದೆ! ಇವಳ ಹುಟ್ಟುಹಬ್ಬದಂದೂ ಅದನ್ನೇ ಹೊತ್ತೆ.

ರಾಜಿಯಾಗಲೆಂದು ಭಾನುವಾರ ಮಧ್ಯಾಹ್ನ ಹಳೆಯದೊಂದು ಮೂಕಿ ಚಿತ್ರಕ್ಕೆ ಮೂರು ಟಿಕೆಟ್ ಬುಕ್ ಮಾಡಿದೆ. ನನ್ನ ಬುದ್ಧಿವಂತಿಕೆ ನೋಡಿ: ಹೆಂಡತಿಯೊಡನೆ ಮಾತಾಡಬೇಕಿಲ್ಲ. ಯಾರೂ ಮಾತಾಡದ ಚಿತ್ರದಲ್ಲಿ ಅತ್ತೆ ಉತ್ತರ ಕೊಡುವುದಾದರೂ ಯಾರಿಗೆ?

ಪರದೆಯ ಮೇಲಿನ ಗಂಡ ಮೀಸೆ ತಿರುವಿಕೊಂಡು ಗರಿ ಟೋಪಿ ತೊಟ್ಟ ಇನ್ನೊಬ್ಬಳ ಮನೆಗೆ ಹೊರಟ. ಅವನ ಹೆಂಡತಿ ಬಾಗಿಲಲ್ಲಿ ನಿಂತು ತುಟಿ ಅಲುಗಿಸಿದಳು. ಅಷ್ಟು ಸಾಕಾಯಿತು.

"ಊಟಕ್ಕೆ ಬರ್ತೀರೋ, ಅವಳ ಮನೇಲೇ ಮುಗಿಸ್ಕೊಂಡು ಬರ್ತೀರೋ?"

ಅತ್ತೆಯ ದನಿ, ಚಿತ್ರಕ್ಕೆಂದು ಪರದೆಯ ಬಳಿ ನುಡಿಸುತ್ತಿದ್ದ ಪಿಯಾನೋವನ್ನೂ ಮೀರಿಸಿತು! ನಾನು ಸೀಟಿನಲ್ಲಿ ಕುಸಿದೆ. ಹಿಂದಿನ ಸಾಲಿನ ಬಿಳಿಯರ ಅಜ್ಜಿಯೊಬ್ಬರು ಮುಂದೆ ಬಾಗಿ, "ವಾಟ್ ಡಿಡ್ ಶಿ ಸೇ, ಡಿಯರ್?" ಎಂದರು. ನನ್ನ ಹೆಂಡತಿ ಅನುವಾದಿಸಿದಳು. ಸಾಲಿಗೆ ಸಾಲೇ ನಕ್ಕಿತು. ಅಲ್ಲಿಂದಾಚೆಗೆ ಅತ್ತೆ ಕನ್ನಡದಲ್ಲಿ ಬೈಯುವುದು, ಇವಳು ಅದನ್ನು ಇಂಗ್ಲಿಷಿಗೆ ತಿರುಗಿಸುವುದು. ಬೈಗುಳ ಬಂದಾಗಲೆಲ್ಲ ಇವಳು ನನ್ನನ್ನೇ ಏಕೆ ನೋಡುತ್ತಿದ್ದಳೋ!

ಕೊನೆಗೆ ಗಂಡ ಮರಳಿ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಸುತ್ತಲಿನವರೆಲ್ಲ ಅತ್ತೆಯ ಕಡೆ ತಿರುಗಿದರು. ಅತ್ತೆ ತುಟಿ ಬಿಚ್ಚಲಿಲ್ಲ.

ವಾಪಸ್ ಬರುವಾಗ ಟ್ರೇನಿನಲ್ಲಿ ಕೆಣಕಿದೆ. "ಏನತ್ತೆ, ಕೊನೇಲಿ ಡೈಲಾಗ್ ಮರ್ತೇಹೋಯ್ತಾ?"

"ಅಲ್ಲೀವರ್ಗೂ ಗೊತ್ತಿತ್ತು ಕಣೋ," ಎಂದರು, ಕಿಟಕಿಯ ಹೊರಗೆ ನೋಡುತ್ತ. "ವಾಪಸ್ ಬಂದೋರಿಗೆ ಏನು ಹೇಳ್ಬೇಕೋ ಗೊತ್ತಿಲ್ಲ. ನಿಮ್ಮಾವ ಬರ್ಲೇ ಇಲ್ವಲ್ಲ."

ಮಾವ ಕೆಲಸಕ್ಕೆಂದು ಬೊಂಬಾಯಿಗೆ ಹೋಗಿ ಅಲ್ಲೇ ತೀರಿಕೊಂಡರು ಎಂದಷ್ಟೇ ನಾವೆಲ್ಲ ತಿಳಿದಿದ್ದೆವು. ಅಲ್ಲೂ ಒಬ್ಬ ಗರಿ ಟೋಪಿಯವಳಿದ್ದಳೆಂದು ಈಗ ಹೊಳೆಯಿತು. ಹೆಂಡತಿ ಅತ್ತೆಯ ಕೈ ಹಿಡಿದುಕೊಂಡಳು.

"ಇನ್ಮೇಲೆ ಶನಿವಾರ ಮನೇಲಿರ್ತೀನಿ," ಎಂದೆ ಅವಳಿಗೆ. ವಾರದ ಮೊದಲ ಮಾತು. ಅವಳ ತುಟಿ ಅಲುಗಿತು, ದನಿ ಹೊರಡಲಿಲ್ಲ.

"ನೋಡೋಣ ಅಂತಿದ್ದಾಳೆ," ಎಂದರು ಅತ್ತೆ, ಕಣ್ಣೊರೆಸಿಕೊಂಡು.