ಹುಲ್ಲಿಗೆ ಬಂದ ಸುಣ್ಣಕಟ್ಟು

ನಮ್ಮ ಸೋದರಮಾವನಿಗೆ ಹೆಂಡತಿಯ ಜ್ವರ ಗೊತ್ತಾಗುವುದು ಮೂರನೇ ದಿನ. ಹುಲ್ಲಿನ ಜ್ವರ ಮಾತ್ರ ಬರುವ ಮೊದಲೇ! ಇದು ನನ್ನ ಮಾತಲ್ಲ, ನಮ್ಮತ್ತೆಯ ದೂರು.

ಸಾದಲಿಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ಈ ಮಹಾನುಭಾವರು ಈಗ ಚಿಕ್ಕಬಳ್ಳಾಪುರದ ಕಡೆಯ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲಿನ ಮೇಸ್ತ್ರಿ. ಚೆಂಡು ಬೀಳುವ ಕುಳಿಯ ಸುತ್ತ ಜಮಖಾನ ಹಾಸಿದಂತೆ ಹುಲ್ಲಿರುತ್ತದಲ್ಲ, ‘ಗ್ರೀನ್’ ಅಂತಾರೆ, ಅದರ ಯೋಗಕ್ಷೇಮ ಇವರದು. ಮೊದಲ ದಿನ ಏನು ಮಾಡಿದರು ಗೊತ್ತೆ? ರೋಗ ಒಳಗೆ ಬಾರದಿರಲೆಂದು ಹುಳುಮನೆಯ ಬಾಗಿಲಲ್ಲಿಡುವಂತೆ ಬ್ಲೀಚಿಂಗ್ ಪುಡಿಯ ನೀರಿಟ್ಟು, ಆಡಲು ಬಂದ ಸಾಹೇಬರೊಬ್ಬರಿಗೆ, “ಶೂ ಬಿಚ್ಚಿ ಕಾಲು ತೊಳ್ಕೊಂಡು ಬನ್ನಿ ಸಾರ್” ಎಂದುಬಿಟ್ಟರು! ಸಾಹೇಬರು ತೊಳೆದುಕೊಂಡರು. ಮುಂದಿನ ವಾರ ಬಂದವರೇ, “ಇವತ್ತು ಕಾಲು ತೊಳೆಯೋದಿಲ್ವಾ?” ಎಂದು ಕೇಳಿದರಂತೆ.

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ನಾನು ಹೋದಾಗ ಮಾವ ಗ್ರೀನಿನ ಮೇಲೆ ಬೋರಲು ಬಿದ್ದಿದ್ದರು. ಓಡಿಹೋದೆ.

“ಮಾವ! ಏನಾಯ್ತು?”

“ಶ್! ಇಬ್ಬನಿಯಾಗೆ ಬಿಳೀ ನೂಲು ನೋಡು. ಸುಣ್ಣಕಟ್ಟು ಕಣೋ!”

ಹುಳುವನ್ನು ಸುಣ್ಣದ ಕಡ್ಡಿ ಮಾಡಿ ಕೊಲ್ಲುವ ಬೂಷ್ಟು ರೋಗಕ್ಕೆ ನಮ್ಮ ಕಡೆ ಆ ಹೆಸರು. ಹುಲ್ಲಿಗೂ ಬೂಷ್ಟೇ ಬಂದಿದೆ ಎಂಬುದು ಮಾವನ ತೀರ್ಪು. ನಾನೆಷ್ಟು ಕಣ್ಣರಳಿಸಿದರೂ ಕಂಡದ್ದು ಬರೀ ಹುಲ್ಲು. ಮಾರನೆಯ ದಿನ ಅದೇ ಜಾಗದಲ್ಲಿ ರೂಪಾಯಿಯಗಲದ ಕಂದು ಕಲೆಗಳು! ಅಬ್ಬಾ, ಅದೇನು ಕಣ್ಣಪ್ಪ ಅದು!

ಭಾನುವಾರ ದೊಡ್ಡ ಪಂದ್ಯ. ಮ್ಯಾನೇಜರ್ ಓಡಿ ಬಂದರು.

“ಮದ್ದು ಡಬಲ್ ಹೊಡೀರಿ, ಈಗ್ಲೇ!”

“ಈ ಬಿಸಿಲಾಗೆ ಹುಲ್ಲು ಸುಟ್ಟೋಗ್ತೈತೆ ಸಾರ್. ನಾಳೆ ಬೆಳಗ್ಗೆ ಹೊಡೀತೀನಿ, ಡಬ್ಬದ ಮೇಲೆ ಬರೆದಿರೋಷ್ಟೇ.”

“ಗ್ರೀನ್ ಹಾಳಾದ್ರೆ ಸೋಮವಾರದಿಂದ ಕೆಲಸಕ್ಕೆ ಬರ್ಬೇಡಿ.”

“ಆಗ್ಲಿ ಬಿಡಿ ಸಾರ್.”

ಮಾವ ಅಳೆದು ಮದ್ದು ಹೊಡೆದರು. ಆಮೇಲೆ ದಿನಾ ಬೆಳಗ್ಗೆ ಉದ್ದನೆಯ ಬಿದಿರಿನ ಗಳುವಿನಿಂದ ಇಬ್ಬನಿ ಸವರಿ ಉದುರಿಸಿದರು. ತೇವ ನಿಂತರೆ ಬೂಷ್ಟಿಗೆ ಹಬ್ಬವಂತೆ. ಸಂಜೆ ನೀರು ಬಂದ್. ಅತ್ತೆ ಮಾತ್ರ ಕೆಲಸ ಹೋಗುತ್ತದೆಂದು ಊಟ ಬಿಟ್ಟು ಕೂತರು. ಭಾನುವಾರದ ಹೊತ್ತಿಗೆ ಕಲೆ ಹರಡುವುದು ನಿಂತು, ಅಂಚಿನಿಂದ ಹಸಿರು ಚಿಗುರಿತ್ತು. ಚೆಂಡು ಬೆಣ್ಣೆಯ ಮೇಲೆ ಜಾರಿದಂತೆ ಉರುಳಿತು. ಮ್ಯಾನೇಜರ್ ಕೈ ಕುಲುಕಿದರು. ನನಗೋ, ಮಾವನಿಗೆ ಅಡ್ಡಬೀಳೋಣ ಎನಿಸಿತು!

“ಅಲ್ಲ ಮಾವ, ಕೆಲಸವೇ ಹೋಗೋ ಹಾಗಿತ್ತಲ್ಲ. ಬೆಳಗ್ಗೆನೇ ಸ್ವಲ್ಪ ಜಾಸ್ತಿ ಹೊಡೆದಿದ್ರೆ ಏನಾಗ್ತಿತ್ತು?”

ಮಾವ ಮೈದಾನದಂಚಿಗೆ ಬೊಟ್ಟು ಮಾಡಿದರು. ಅಲ್ಲಿ ನಾಲ್ಕು ಜನ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು.

“ಗ್ರೀನಿನ ಕಳೆಯೂ ಇವ್ರೇ ಕೀಳೋದು. ಗ್ಲೌಸ್ ಕೊಟ್ರೆ, ಸಣ್ಣ ಕಳೆ ಕೈಗೆ ಸಿಗಲ್ಲಣ್ಣ ಅಂತ ಬಿಚ್ಚಿಡ್ತಾರೆ. ಅದೇ ಮದ್ದಿನ ಕೈಯಾಗೆ ಮುದ್ದೆ ಮುರೀತಾರೆ. ಮನೆಗೋಗಿ ಮಕ್ಕಳ ಬಾಯಿಗೂ ಇಡ್ತಾರೆ,” ಎಂದರು. “ಹುಲ್ಲು ಹೋದ್ರೆ ಮತ್ತೆ ನೆಡಬೋದು ಕಣಪ್ಪ.”