ಮುಂದಿನ ಚಕ್ರ ನಮ್ಮದು, ಮಿಕ್ಕ ಸೈಕಲ್ಲು ಅವರದು

ಜಗಳ ಶುರುಮಾಡುವುದು ಯಾರಿಗೆ ಬೇಕಾದರೂ ಬರುತ್ತದೆ. ಅದನ್ನು ಕೆಡದಂತೆ ಇಟ್ಟುಕೊಳ್ಳುವುದು ಮಾತ್ರ ಉಪ್ಪಿನಕಾಯಿ ಹಾಕಿದಷ್ಟೇ ನಾಜೂಕಿನ ಕೆಲಸ. ಒಂದು ಹನಿ ನೀರು ತಾಗಿದರೂ, ಅಂದರೆ ಎದುರಾದಾಗ ಅಪ್ಪಿತಪ್ಪಿ ಒಂದು ಮುಗುಳ್ನಗೆ ಬಂದುಬಿಟ್ಟರೂ, ಬೂಸಲು ಹಿಡಿದು ಹಾಳಾಗುತ್ತದೆ. ಈ ವಿದ್ಯೆಯಲ್ಲಿ ನನ್ನ ಕೈಗುಣ ಚೆನ್ನಾಗಿದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಜರಗನಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ, ನಮ್ಮ ಗೇಟಿಗೆ ನೇರ ಎದುರು ಗೇಟಿರುವ ಪಂಕಜಾ ಅವರ ಜೊತೆ ನಾನು ಮಾತು ಬಿಟ್ಟ ಮೇಲೆ ಎಷ್ಟೋ ಯುಗಾದಿಗಳು ಬಂದು ಹೋಗಿದ್ದವು. ಕಾರಣ ಇಷ್ಟೇ. ಒಂದು ಸಲ ಅವರ ಮನೆಗೆ ಬಿಸಿಬೇಳೆಬಾತು ಕಳಿಸಿದ್ದೆ. ಸಂಜೆ ಗೇಟಿನ ಹತ್ತಿರ ಸಿಕ್ಕಾಗ "ಹೇಗಿತ್ತು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಬಿಸಿಯಾಗಿತ್ತು ಕಣ್ರೀ," ಎಂದರು. ನಾನೂ ಕಾದೆ. ಅವರು ಆಸೆಪಟ್ಟು ಹಾಲಿಗೆ ಹೊಸ ಪರದೆ ಹಾಕಿಸಿ ಕರೆದು ತೋರಿಸಿದಾಗ ಅಷ್ಟೇ ಹೊತ್ತು ಯೋಚಿಸಿ, "ಉದ್ದ ಇದೆ," ಎಂದೆ. ಆಮೇಲೆ ನಮ್ಮಿಬ್ಬರಿಗೂ ಮಾತಿನ ಅಗತ್ಯವೇ ಬೀಳಲಿಲ್ಲ.

ನನಗೆ ಮೌನವೇನೂ ಹೊಸದಲ್ಲ. ನಾನು ಕೆಲಸ ಮಾಡುವುದು ಜಯನಗರದ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ. ಅಲ್ಲಿಗೆ ಬರುವವರೆಲ್ಲ ಬಾಯಿ ಬಿಡಲೆಂದೇ ಬಂದವರಾದರೂ ಮಾತಾಡುವವರು ಕಡಿಮೆ. ಆದರೆ ನನ್ನ ಮಗಳು ಸಿಂಚನಾಳ ಮೌನ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಹನ್ನೊಂದು ವರ್ಷದ ಹುಡುಗಿ. ನೆಂಟರು "ಎಷ್ಟನೇ ಕ್ಲಾಸು ಪುಟ್ಟಿ?" ಎಂದು ಕೇಳಿದರೆ ತಿರುಗಿ ನನ್ನ ಮುಖ ನೋಡುತ್ತಿದ್ದಳು; ಉತ್ತರ ನಾನು ಕೊಡಬೇಕಾಗಿತ್ತು. ಗೆಳತಿಯರೆಂದು ಯಾರೂ ಇರಲಿಲ್ಲ. ಪಂಕಜಾ ಅವರ ಮಗಳು ನಿಹಾರಿಕಾ ಇವಳದೇ ವಯಸ್ಸಿನವಳು. ಆದರೆ ದೊಡ್ಡವರು ಮಾತಾಡದ ಮನೆಗಳ ಮಕ್ಕಳು ಮಾತಾಡಬಾರದೆಂಬ ಕಾನೂನನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲವಲ್ಲ. ಇವಳು ನಮ್ಮ ಟೆರೇಸಿನಲ್ಲಿ, ಅವಳು ಅವರ ಟೆರೇಸಿನಲ್ಲಿ; ಮಧ್ಯೆ ರಸ್ತೆ.

ಒಂದು ಸಂಜೆ ಸಿಂಚನಾ ಅಡುಗೆಮನೆಗೆ ಬಂದು, "ಅಮ್ಮ, ಜೆ.ಪಿ. ನಗರದಲ್ಲಿ ಭಾನುವಾರ ಮಕ್ಕಳಿಗೆ ಸೈಕಲ್ ರಿಪೇರಿ ಹೇಳ್ಕೊಡ್ತಾರಂತೆ. ಸೇರ್ಲಾ?" ಎಂದಳು.

"ಪಂಕ್ಚರ್ ಹಾಕೋದು ಕಲ್ತು ಏನ್ಮಾಡ್ತೀಯೇ? ಅದರ ಬದಲು ವೀಣೆಗೆ ಸೇರ್ಕೋ."

"ಎದುರು ಮನೆಯವ್ರು ನಿಹಾರಿಕಾನ ಆಗ್ಲೇ ಸೇರಿಸಿದ್ದಾರಂತೆ."

ಅಲ್ಲಿಗೆ ಚರ್ಚೆ ಮುಗಿಯಿತು. ಸಾರಿನ ಒಲೆ ಆರಿಸುವ ಮುಂಚೆಯೇ ಫೋನಿನಲ್ಲಿ ಅವಳ ಹೆಸರು ಬರೆಸಿದೆ.

ಕ್ಲಾಸು ನಡೆಯುತ್ತಿದ್ದುದು ಒಂದು ಪಾರ್ಕಿನ ಹಿಂದಿನ ಹಳೆಯ ಶೆಡ್ಡಿನಲ್ಲಿ. ಉತ್ತರಹಳ್ಳಿ ಕಡೆಯ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸೈಕಲ್ಲುಗಳನ್ನು ಕೆಲವು ಯುವಕ ಯುವತಿಯರು ಬೇಡಿ ತಂದು ಅಲ್ಲಿ ರಾಶಿ ಹಾಕಿದ್ದರು. ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ಸೈಕಲ್ಲು. ಪೂರ್ತಿ ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿ ಓಡುವ ಹಾಗೆ ಮಾಡಿದರೆ ಆ ಸೈಕಲ್ಲು ಆ ಇಬ್ಬರಿಗೇ. ಹೇಳಿಕೊಡುತ್ತಿದ್ದವನು ಮಂಜು ಎಂಬ ಲವಲವಿಕೆಯ ಹುಡುಗ. ಮಕ್ಕಳಿಗೆಲ್ಲ ಮಂಜು ಅಣ್ಣ. "ಗೊತ್ತಿರೋರನ್ನ ಜೊತೆಗೆ ಹಾಕಲ್ಲ ಅಕ್ಕ. ಹಾಕಿದ್ರೆ ಬರೀ ಹರಟೆ ಹೊಡೀತಾರೆ. ಗುರುತಿಲ್ಲದೋರು ಜೊತೆ ಸೇರಿದ್ರೇನೇ ಮಜಾ," ಎಂದು ನನಗೆ ವಿವರಿಸಿ, ಸಿಂಚನಾಳನ್ನೂ ನಿಹಾರಿಕಾಳನ್ನೂ ಪಕ್ಕಪಕ್ಕ ನಿಲ್ಲಿಸಿ, "ನೀವಿಬ್ರೂ ಗೊತ್ತಿರೋರಾ?" ಎಂದು ಕೇಳಿದ. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿ, "ಇಲ್ಲ ಅಣ್ಣ," ಎಂದರು. ನನಗೆ ಎದೆ ತುಂಬಿ ಬಂತು. ಮಗಳು ಮನೆತನದ ಮಾನ ಉಳಿಸಿದ್ದಳು. ಅದೇ ಗುಂಗಿನಲ್ಲಿ, ಅವರಿಬ್ಬರಿಗೂ ಒಂದೇ ಸೈಕಲ್ಲು ಸಿಕ್ಕಿತೆಂಬುದು ನನಗೆ ತಡವಾಗಿ ಹೊಳೆಯಿತು.

ಶೆಡ್ಡಿನ ಹೊರಗೆ ನೆರಳಿನಲ್ಲಿ ಇದ್ದದ್ದು ಒಂದೇ ಕಲ್ಲುಬೆಂಚು. ಅದರ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಪಂಕಜಾ. ಮಧ್ಯೆ ಒಂದು ಮದುವೆಯ ದಿಬ್ಬಣ ಕೂರುವಷ್ಟು ಜಾಗ. ಮಕ್ಕಳ ಕೆಲಸಕ್ಕೆ ತಂದೆ ತಾಯಂದಿರು ಕೈ ಹಾಕಬಾರದೆಂದು ಮಂಜು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದ. ನಾವು ಗೆರೆಯ ಈಚೆ ಕೂತು ಕಣ್ಣಿನಲ್ಲೇ ಸ್ಪರ್ಧೆ ನಡೆಸುತ್ತಿದ್ದೆವು. ನಾನಂತೂ ಮನೆಯಲ್ಲಿ ವಿಡಿಯೋಗಳನ್ನು ನೋಡಿ ನೋಡಿ, ಗೇರು ಹೇಗೆ ಸರಿಮಾಡಬೇಕೆಂದು ಊಟದ ಹೊತ್ತಿನಲ್ಲಿ ಸಿಂಚನಾಗೆ ಪಾಠ ಹೇಳತೊಡಗಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ, "ಅಮ್ಮ, ನಮ್ಮ ಸೈಕಲ್‌ಗೆ ಗೇರೇ ಇಲ್ಲ," ಎಂದಳು. ನನ್ನ ಗಂಡ ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು. ಅವರ ಭುಜ ಮಾತ್ರ ಅಲ್ಲಾಡುತ್ತಿತ್ತು.

ಒಂದು ಭಾನುವಾರ ಒಳಗಿನಿಂದ ಠಣ್ ಎಂದು ಸದ್ದಾಯಿತು. ನೋಡಿದರೆ ಹಿಂದಿನ ಚಕ್ರ ಎಷ್ಟು ಸಲ ಹಾಕಿದರೂ ಒಂದು ಕಡೆಗೆ ವಾಲುತ್ತಿದೆ ಎಂದು ನಿಹಾರಿಕಾ ಸಿಟ್ಟಿಗೆದ್ದು ಸ್ಪ್ಯಾನರ್ ಬಿಸಾಡಿದ್ದಳು. ಆ ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ. ಯಾರಿಂದ ಬಂತೆಂದು ನಾನು ಹೇಳಬೇಕಾಗಿಲ್ಲ. ನಮ್ಮವಳು ಅತ್ತುಬಿಡುತ್ತಾಳೆಂದು ನಾನು ಎದ್ದೆ. ಅವರ ಮಗಳಿಗೆ ಯಾರಾದರೂ ಏನಾದರೂ ಅನ್ನುತ್ತಾರೆಂದು ಪಂಕಜಾ ಎದ್ದರು. ಆದರೆ ಸಿಂಚನಾ ಅಳಲಿಲ್ಲ. ನೆಂಟರಿಗೆ ತನ್ನ ಕ್ಲಾಸು ಹೇಳಲಾರದ ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟು, "ಎತ್ಕೊಂಡು ಬಾ," ಎಂದಳು.

"ಬರಲ್ಲ."

"ಸರಿ, ಬರ್ಬೇಡ. ನಾನೊಬ್ಳೇ ಚಕ್ರ ಹಿಡ್ಕೊಂಡು ನಿಂತಿರ್ತೀನಿ. ಕೈ ನೋಯ್ತಿದೆ."

ನಿಹಾರಿಕಾ ಹೋಗಿ ಸ್ಪ್ಯಾನರ್ ಎತ್ತಿಕೊಂಡು ಬಂದು, "ನೀನು ಆ ಕಡೆ ಎಳಿ. ನಿಧಾನ," ಎಂದಳು. ಚಕ್ರ ನೆಟ್ಟಗೆ ಕೂತಿತು. ಮಂಜು ತಿರುಗಿ ನಮ್ಮನ್ನು ನೋಡಿ, "ಆಂಟಿ, ಇಬ್ರೂ ಗೆರೆ ದಾಟಿದ್ದೀರ. ಹೋಗಿ ಕೂತ್ಕೊಳಿ," ಎಂದ. ಇಷ್ಟು ದಿನ ಅಕ್ಕನಾಗಿದ್ದ ನಾನು ಗೆರೆ ದಾಟಿದೊಡನೆ ಆಂಟಿಯಾಗಿದ್ದೆ. ಇಬ್ಬರೂ ಬಾಲ ಮುದುರಿಕೊಂಡು ಬೆಂಚಿಗೆ ವಾಪಸಾದೆವು. ಆ ಗಡಿಬಿಡಿಯಲ್ಲಿ ಕೊಂಚ ಹತ್ತಿರ ಹತ್ತಿರವೇ ಕೂತೆವೆಂದು ಕಾಣುತ್ತದೆ.

ಆ ದಿನದಿಂದ ಸಿಂಚನಾಗೆ ಬಾಯಿ ಬಂತು. ರಸ್ತೆಯಲ್ಲಿ ಹೋಗುವ ಪೇಪರಿನವನನ್ನು ನಿಲ್ಲಿಸಿ, "ಅಂಕಲ್, ನಿಮ್ಮ ಚೈನು ಒಣಗಿದೆ, ಎಣ್ಣೆ ಬಿಡಿ," ಎನ್ನುವಳು. ಸುದ್ದಗುಂಟೆಪಾಳ್ಯದಿಂದ ಕ್ಲಾಸಿಗೆ ಬರುತ್ತಿದ್ದ ಅಣ್ಣ ತಂಗಿ ಇಬ್ಬರು ನಮ್ಮ ಮನೆಗೆ ಬಂದು, ಸಂಜೆಯವರೆಗೂ ಹರಟಿ, ಚಕ್ಕುಲಿ ಡಬ್ಬಿ ಖಾಲಿ ಮಾಡಿ ಹೋದರು. ಮಗಳಿಗೆ ಗೆಳೆಯರಿಲ್ಲವೆಂದು ಕೊರಗುತ್ತಿದ್ದವಳು ಈಗ ಚಕ್ಕುಲಿ ಉಳಿಯುತ್ತಿಲ್ಲವೆಂದು ಕೊರಗತೊಡಗಿದೆ.

ಕೊನೆಗೂ ಸೈಕಲ್ಲು ತಯಾರಾಯಿತು. ಅದು ಯಾರ ಮನೆಯಲ್ಲಿರಬೇಕೆಂದು ನಾನು ಯುದ್ಧಕ್ಕೆ ಸಿದ್ಧವಾಗುತ್ತಿರುವಾಗಲೇ ಸಿಂಚನಾ ಬರೀ ಮುಂದಿನ ಚಕ್ರವನ್ನು ಉರುಳಿಸಿಕೊಂಡು ಹಾಲಿಗೆ ಬಂದು ದಿವಾನಕ್ಕೆ ಒರಗಿಸಿದಳು.

"ಮಿಕ್ಕಿದ್ದೆಲ್ಲೇ?"

"ನಿಹಾರಿಕಾ ಮನೇಲಿ. ಸ್ಪ್ಯಾನರೂ ಅಲ್ಲೇ. ಇಬ್ರಿಗೂ ಸೇರಿದ ಸೈಕಲ್ನ ಒಬ್ರ ಮನೇಲೇ ಇಡೋ ಹಾಗಿಲ್ಲ. ಮಂಜು ಅಣ್ಣನ ರೂಲು."

ಹೀಗಾಗಿ ದಿನಾ ಸಂಜೆ ನಮ್ಮ ಗೇಟು ತೆರೆಯಬೇಕು, ಅವರ ಗೇಟು ತೆರೆಯಬೇಕು, ರಸ್ತೆಯ ನಡುವೆ ಚಕ್ರ ಸೇರಬೇಕು. ಓಡಿಸಿ ಮುಗಿದ ಮೇಲೆ ಮತ್ತೆ ಬಿಚ್ಚಬೇಕು. ನನ್ನ ದಿವಾನದ ಹೊದಿಕೆಯ ಮೇಲೆ ಗ್ರೀಸಿನ ಅರ್ಧಚಂದ್ರಗಳು ಮೂಡಿದವು. ಕ್ಲಾಸಿನ ರೂಲು, ಏನೂ ಮಾಡುವಂತಿರಲಿಲ್ಲ.

ಆಯುಧಪೂಜೆ ಬಂತು. ಶೆಡ್ಡಿನಲ್ಲಿ ಸಲಕರಣೆಗಳ ಪೂಜೆಯೆಂದು ಹುಡುಗಿಯರಿಬ್ಬರೂ ಬೆಳಿಗ್ಗೆಯೇ ಹೋಗಿದ್ದರು. ನಾನು ನಮ್ಮ ಸ್ಕೂಟರಿಗೆ, ಮಿಕ್ಸಿಗೆ, ಇಳಿಗೆಮಣೆಗೆಲ್ಲ ಕುಂಕುಮವಿಟ್ಟು ಚಕ್ರದ ಹತ್ತಿರ ಬಂದೆ. ಬರೀ ಚಕ್ರಕ್ಕೆ ಪೂಜೆ ಮಾಡಲು ಮನಸ್ಸು ಒಪ್ಪಲಿಲ್ಲ. ಮಕ್ಕಳು ಕೈಯಾರೆ ಮಾಡಿದ ವಾಹನ. ವರ್ಷಕ್ಕೊಂದು ದಿನವಾದರೂ ಇಡಿಯಾಗಿ ನಿಲ್ಲಬೇಡವೇ? ಚಕ್ರ ಎತ್ತಿಕೊಂಡು ಗೇಟು ತೆರೆದೆ. ಎದುರಿನ ಗೇಟಿನಲ್ಲಿ ಪಂಕಜಾ ನಿಂತಿದ್ದರು. ರೇಷ್ಮೆ ಸೀರೆ, ತೋಳಿನ ಮೇಲೆ ಸೇವಂತಿಗೆ ಹಾರ, ಕೈಯಲ್ಲಿ ಮುಂದಿನ ಚಕ್ರವಿಲ್ಲದೆ ಮಂಡಿಯೂರಿದ ಬಸವನಂತಿದ್ದ ಸೈಕಲ್ಲು.

"ಚಕ್ರ ತಂದ್ರಾ?" ಎಂದರು.

"ಸ್ಪ್ಯಾನರ್ ಇದೆಯಾ?" ಎಂದೆ.

ಅಷ್ಟು ವರ್ಷಗಳ ಮೇಲೆ ನಾವಾಡಿದ ಮೊದಲ ಮಾತುಗಳು ಇವು. ರಸ್ತೆಯ ಮಧ್ಯೆ ಕೂತು ಜೋಡಿಸತೊಡಗಿದೆವು. ಅಷ್ಟೊಂದು ಭಾನುವಾರ ಬೆಂಚಿನ ಮೇಲೆ ಕೂತು ನೋಡಿದ್ದೆವಲ್ಲ, ಇದೇನು ಮಹಾ ಎಂಬ ಧೈರ್ಯ. ಎಲ್ಲ ಮುಗಿದಾಗ ಒಂದು ವಾಷರು ಉಳಿಯಿತು. "ಎಕ್ಸ್‌ಟ್ರಾ ಇರ್ಬೇಕು," ಎಂದರು ಪಂಕಜಾ. ನಾನು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಹಾರ ಹಾಕಿ, ಊದುಬತ್ತಿ ಬೆಳಗಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಇಬ್ಬರೂ ಸೇರಿ ತಳ್ಳಿದೆವು. ಚಕ್ರ ಹಾವಿನಂತೆ ಹೊರಳಿ, ಬ್ರೇಕಿಗೆ ಸಿಕ್ಕಿಕೊಂಡು ನಿಂತಿತು. ನಿಂಬೆಹಣ್ಣು ಸುಖವಾಗಿ ಪಕ್ಕಕ್ಕೆ ಉರುಳಿ ಹೋಯಿತು. ಅದೇ ಹೊತ್ತಿಗೆ ಹುಡುಗಿಯರು ಬಂದರು.

ನಿಹಾರಿಕಾ ಬಗ್ಗಿ ಚಕ್ರ ನೋಡಿ ಕೇಳಿದಳು: "ಯಾರು ಹಾಕಿದ್ದು ಇದು?"

ನಾನು ಪಂಕಜಾ ಅವರ ಕಡೆ ಕೈ ತೋರಿಸಿದೆ. ಅವರು ನನ್ನ ಕಡೆ ತೋರಿಸಿದರು.

ಮಕ್ಕಳು ನಗಲಿಲ್ಲ. ಸಿಂಚನಾ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು, "ಆಂಟಿ, ನೀವು ಗಟ್ಟಿಯಾಗಿ ಹಿಡ್ಕೊಳಿ. ಅಮ್ಮ, ನೀನು ಬಿಚ್ಚು. ವಾಷರ್ ಎಲ್ಲಿ?" ಎಂದಳು. ಸೆರಗಿನ ಗಂಟು ಬಿಚ್ಚಿ ಕೊಟ್ಟೆ. ಮಕ್ಕಳು ಹೇಳಿದಂತೆ ಮಾಡಿ ಮುಗಿಸಿ, ಈ ಸಲ ನಿಂಬೆಹಣ್ಣು ಸರಿಯಾಗಿ ಜಜ್ಜಿದ ಮೇಲೆ, ನಾವಿಬ್ಬರೂ ಮತ್ತೆ ಬಿಗುಮಾನ ಧರಿಸಿ ನಮ್ಮ ನಮ್ಮ ಗೇಟು ಹಾಕಿಕೊಂಡೆವು.

ಮುಂದಿನ ಭಾನುವಾರದ ಕ್ಲಾಸಿನಲ್ಲಿ ಮಂಜುವನ್ನು ಬೆಂಚಿನ ಹತ್ತಿರ ಕರೆದು, "ನಿಮ್ಮ ರೂಲು ಚೆನ್ನಾಗಿದೆಯಪ್ಪ, ಆದ್ರೆ ಚಕ್ರ ಇಟ್ಟು ಇಟ್ಟು ನಮ್ಮ ದಿವಾನ ಹಾಳಾಯ್ತು," ಎಂದೆ.

"ಯಾವ ರೂಲು ಅಕ್ಕ?" ಎಂದ ಮಂಜು. "ಸೈಕಲ್ ಎಲ್ಲಿ ಇಡ್ಬೇಕು ಅಂತ ನಾವು ಹೇಳೋದೇ ಇಲ್ಲ."

ಅವನು ಆಚೆ ಹೋದ ಮೇಲೆ, ಬೆಂಚಿನ ಇನ್ನೊಂದು ತುದಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಪಂಕಜಾ ಮೆಲ್ಲಗೆ ಕೇಳಿದರು: "ಹೌದೂ, ನೀವು ಸಿಂಚನಾನ ಮೊದಲೇ ಸೇರಿಸಿದ್ರಂತಲ್ಲ? ನಿಹಾರಿಕಾ ಹಾಗಂದಿದ್ದಕ್ಕೇ ನಾನು ಸೇರ್ಸಿದ್ದು."

ಸಿಂಚನಾ ನನಗೆ ಹೇಳಿದ್ದನ್ನು ನಾನೂ ಹೇಳಿದೆ. ಮೊದಲ ದಿನ ಮಂಜು ಕೇಳಿದಾಗ ಮಕ್ಕಳಿಬ್ಬರೂ "ಇಲ್ಲ ಅಣ್ಣ" ಎಂದದ್ದೂ ನೆನಪಾಯಿತು. ಟೆರೇಸಿನಿಂದ ಟೆರೇಸಿಗೆ ಕೈಸನ್ನೆಯಲ್ಲೇ ಇಷ್ಟೆಲ್ಲ ಸಂಚು ಮಾಡಿದವರು, ಮಾತು ಸಿಕ್ಕಿದ ಮೇಲೆ ಇನ್ನೇನು ಮಾಡಿಯಾರು? ಇಬ್ಬರೂ ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆಗ ನನಗೊಂದು ಉಪಾಯ ಹೊಳೆಯಿತು. "ನಮಗೆ ತಿಳೀತು ಅಂತ ಅವರಿಗೆ ತೋರಿಸೋದು ಬೇಡ. ಅವರ ಮುಂದೆ ಹೀಗೇ ಮುಖ ಊದಿಸ್ಕೊಂಡೇ ಇರೋಣ. ಆಡ್ಸೋರು ಯಾರು ಅಂತ ನೋಡೇಬಿಡೋಣ," ಎಂದೆ. ಪಂಕಜಾ ನನ್ನನ್ನು ದಿಟ್ಟಿಸಿ ನೋಡಿ, "ತಲೆ ಅಂದ್ರೆ ನಿಮ್ಮ ತಲೆ ಕಣ್ರೀ," ಎಂದರು.

ಅಂದಿನಿಂದ ಮಕ್ಕಳು ಶಾಲೆಗೆ ಹೋದ ಮೇಲೆ ಸೊಪ್ಪಿನ ಗಾಡಿಯ ಹತ್ತಿರ ನಮ್ಮ ಭೇಟಿ. ಮಕ್ಕಳೆದುರು ಮಾತ್ರ ಹಳೆಯ ಹಗೆ. ನಾನಂತೂ ಸಿಂಚನಾಗೆ ಕೇಳಿಸುವಂತೆ ಆ ಮನೆಯವರ ಕಡೆ ಮೂಗು ಮುರಿಯುತ್ತಿದ್ದೆ. ನನ್ನಲ್ಲಿ ಇಷ್ಟು ದೊಡ್ಡ ಕಲಾವಿದೆ ಇದ್ದಾಳೆಂದು ಗೊತ್ತಿದ್ದರೆ ಹಲ್ಲಿನ ಕ್ಲಿನಿಕ್ಕಿಗೆ ಸೇರುತ್ತಲೇ ಇರಲಿಲ್ಲ.

ನಿನ್ನೆ ಸಂಜೆ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಹುಡುಗಿಯರು ಚಕ್ರ ಹಾಕುತ್ತಿದ್ದರು.

"ನಮ್ಮಮ್ಮ ನಿಮ್ಮಮ್ಮನ ಜೊತೆ ಫೋನಲ್ಲಿ ಎಷ್ಟು ಹೊತ್ತು ಮಾತಾಡಿದ್ರು ಗೊತ್ತಾ? ನನ್ನ ನೋಡಿದ ತಕ್ಷಣ 'ರಾಂಗ್ ನಂಬರ್' ಅಂತ ಇಟ್ಬಿಟ್ರು," ಎಂದಳು ನಿಹಾರಿಕಾ.

"ನಮಗೆ ಗೊತ್ತು ಅಂತ ತೋರಿಸ್ಕೋಬೇಡ ಕಣೇ," ಎಂದಳು ಸಿಂಚನಾ. "ಪಾಪ, ಈಗ ತಾನೆ ಫ್ರೆಂಡ್ಸ್ ಆಗಿದ್ದಾರೆ. ನಾಚ್ಕೊಂಡು ಮತ್ತೆ ಮಾತು ಬಿಟ್ಬಿಟ್ರೆ?"

ನಾನು ಟವೆಲ್ಲನ್ನು ಮುಖಕ್ಕೆ ಹಿಡಿದುಕೊಂಡು ನೀರಿನ ಟ್ಯಾಂಕಿನ ಹಿಂದೆ ಕೂತುಬಿಟ್ಟೆ. ಇದನ್ನು ಪಂಕಜಾ ಅವರಿಗೆ ಇನ್ನೂ ಹೇಳಿಲ್ಲ. ಉಪಾಯ ನನ್ನದಲ್ಲವೇ, ಹೇಗೆ ಹೇಳಲಿ? ಇವತ್ತು ಬೆಳಿಗ್ಗೆಯೂ ಎಂದಿನಂತೆ ಎದುರು ಗೇಟಿನ ಕಡೆ ಮುಖ ಗಂಟು ಹಾಕಿ, ಸೆರಗು ಕೊಡವಿ, ಸ್ಕೂಟರ್ ಹತ್ತಿದೆ. ಸಿಂಚನಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಮಕ್ಕಳಿಗೆ ನಿರಾಸೆ ಮಾಡಬಾರದಲ್ಲ.