ಮೋರಿ ನೀರಿನ ಕರೆಂಟು

ತಾಂಡೂರಿನಿಂದ ಬಶೀರಾಬಾದಿಗೆ ಹೋಗುವ ರಸ್ತೆಯ ಎಣ್ಣೆ ಮಿಲ್ಲಿನ ಹಿಂದೆ ಒಂದು ಮೋರಿ ಹರಿಯುತ್ತಿತ್ತು. ಅದರ ನೀರು ಕೈಯಿಟ್ಟರೆ ಸುಡುವಷ್ಟು ಬಿಸಿ, ಬೇಳೆ ಹಾಕಿದರೆ ಬೇಯದಷ್ಟು ತಣ್ಣಗೆ. ಮೇಲೆ ಹಾರುವ ಕಾಗೆಗಳು ಅದರ ಹಬೆಗೆ ಬೆವರು ಒರೆಸಿಕೊಳ್ಳುತ್ತಿದ್ದವು ಎಂದರೆ ನೀವು ನಂಬಲೇಬೇಕು. ಬಾಯ್ಲರ್ ನೋಡಿಕೊಳ್ಳುವ ಪೀರಪ್ಪ ಈ ನೀರಿನಿಂದ ಕರೆಂಟು ತೆಗೆಯುತ್ತೇನೆಂದು ಸಾವಕಾರ ಶಾಂತಪ್ಪನವರ ಮುಂದೆ ಬಾಯಿಬಿಟ್ಟದ್ದೇ ಅನರ್ಥಕ್ಕೆ ಮೂಲ.

“ಸಂಜಿಕಿ ಬರ್ತೀನಿ. ದೀಪ ಹತ್ತಿದ್ರ ನೀ ಹೆಡ್ ಮಿಸ್ತ್ರಿ. ಹತ್ತಲಿಲ್ಲಂದ್ರ ನಾಳಿಂದ ಬೂದಿ ಹೊರು,” ಎಂದರು ಸಾವಕಾರರು.

ಪೀರಪ್ಪ ಎರಡು ತೊಟ್ಟಿ ಇಟ್ಟ. ಒಂದಕ್ಕೆ ಮೋರಿಯ ಬಿಸಿನೀರು, ಇನ್ನೊಂದಕ್ಕೆ ಬಾವಿಯ ತಣ್ಣೀರು. ನಡುವಿನ ತಾಮ್ರದ ಕೊಳವೆಯಲ್ಲಿ ಸ್ಪಿರಿಟ್ಟು. ಅದು ಬಿಸಿಗೆ ಕುದಿದು, ಹಬೆಯಾಗಿ ಓಡಿ, ದಾರಿಯಲ್ಲಿಟ್ಟ ತಗಡಿನ ಚಕ್ರ ತಿರುಗಿಸಿ, ತಣ್ಣೀರಿನಲ್ಲಿ ಮತ್ತೆ ಸ್ಪಿರಿಟ್ಟಾಗಬೇಕು. ಚಕ್ರಕ್ಕೆ ಸೈಕಲ್ಲಿನ ಡೈನಮೊ, ಡೈನಮೊಗೆ ದೀಪ.

ಮಧ್ಯಾಹ್ನ ಚಕ್ರ ಗಿರ್ರನೆ ತಿರುಗಿತು. ಉಂಡು ಬರುವಷ್ಟರಲ್ಲಿ ಪಂಚಾಯ್ತಿಯಲ್ಲಿ ಸೋತ ಗೌಡನ ಹಾಗೆ ಗಪ್ಪಾಗಿತ್ತು. ತಣ್ಣೀರಿನ ತೊಟ್ಟಿಗೆ ಕೈಯಿಟ್ಟರೆ ಬೆಚ್ಚಗೆ! ಪಕ್ಕದಲ್ಲಿ ನೆರೆಮನೆಯ ಭೀಮಮ್ಮ ಖಾಲಿ ಕೊಡ ಹಿಡಿದು ನಿಂತಿದ್ದಳು.

“ಅಕ್ಕಾ, ಇದಕ್ಕ ಏನ್ ಹಾಕ್ದಿ?”

“ಬಿಸಿನೀರೋ ತಮ್ಮಾ. ಜಳಕಕ್ಕ ಇಟ್ಟೀದಿ ಅಂದ್ಕೊಂಡೆ. ಥಂಡಿ ಹತ್ತಿ ಸಾಯ್ತಿದ್ದಿ!”

“ಈ ತೊಟ್ಟಿ ಥಂಡಿ ಇದ್ರೇನೇ ಆ ತೊಟ್ಟಿ ಬಿಸಿಗಿ ಕಿಮ್ಮತ್ತು! ಎರಡೂ ಒಂದೇ ಆದ್ರ ಚಕ್ರ ಯಾಕ ತಿರುಗ್ತದ?”

“ಖರೆ ಬಿಡು. ಅತ್ತಿ ಸೊಸಿ ಇಬ್ಬರೂ ಗರಂ ಇದ್ರ ಮನಿ ನಡೀತದೇನು?”

‘ಥಂಡಿ ಬೇಕಂತ’ ಎಂಬ ಮಾತಷ್ಟೇ ಮಿಲ್ಲಿನಲ್ಲಿ ತೂಕ ಬರೆಯುವ ಗುಮಾಸ್ತ ಮನ್ಮಥಪ್ಪನ ಕಿವಿಗೆ ಬಿತ್ತು. ಆತ ಉಪಕಾರಬುದ್ಧಿಯಿಂದ ಬಿಸಿ ತೊಟ್ಟಿಗೂ ಕೊಡಗಟ್ಟಲೆ ಬಾವಿ ನೀರು ಸುರಿದ. ಪೀರಪ್ಪ ಅಳಲಿಲ್ಲ. ಎರಡೂ ತೊಟ್ಟಿ ಬಗ್ಗಿಸಿ ಮತ್ತೆ ತುಂಬಿಸಿದ. ಬಾವಿಯ ಕಪ್ಪೆಗಳು ಬಾಯಾರಿ ಒದರುವಷ್ಟು ನೀರು ಸೇದಿದ.

ಸಂಜೆ ಸಾವಕಾರರು ಬಂದರು. ದೀಪ ಹತ್ತಿತು! ಬಶೀರಾಬಾದಿನ ಕೋಳಿಗಳು ಬೆಳಗಾಯಿತೆಂದು ಕೂಗಿದವು. ಮಿಲ್ಲಿನ ಮಂದಿ ಕೈಮುಗಿದರು.

ಸಾವಕಾರರು ಮಾತ್ರ ಧೋತರ ಎತ್ತಿ ಕೂತು ಮೋರಿಗೆ ಬೆರಳಿಟ್ಟು, ಚಟ್ಟನೆ ಹಿಂದೆಗೆದರು.

“ಇಷ್ಟು ಗರ್ಮಿ ಎಲ್ಲಿಂದ ಬರ್ತದೋ?”

“ನಮ್ಮ ಬಾಯ್ಲರಿಂದ್ರಿ! ಉಗಿ ವಾಲ್ವು ಸೋರ್ತದಲ್ರಿ, ಹಗಲೂ ರಾತ್ರಿ ಪುಕ್ಕಟ ಬರ್ತದ್ರಿ!” ಪೀರಪ್ಪನ ಎದೆ ಎರಡು ಗೇಣು ಉಬ್ಬಿತು.

“ಆ ವಾಲ್ವು ನೋಡ್ಕೊಳ್ಳಾಂವ ಯಾರು?”

ಎದೆ ಇಳಿಯಿತು. “ನಾನೇರಿ.”

“ಅಂದ್ರ ಇಷ್ಟು ವರ್ಷ ನನ್ನ ಕಲ್ಲಿದ್ದಲು ಮೋರಿಗಿ ಹರಿಸಿದಾಂವ ನೀನೇ! ಮೊದಲು ಅದನ್ನ ಬಂದ್ ಮಾಡು. ಆಮ್ಯಾಲ ಬೂದಿಬುಟ್ಟಿ ಹಿಡಿ.”

ಪೀರಪ್ಪ ತನ್ನ ಕೈಯಾರೆ ವಾಲ್ವು ಬಿಗಿದ. ಮೋರಿ ತಣ್ಣಗಾಯಿತು, ಅದರ ಹಿಂದೆಯೇ ತೊಟ್ಟಿಯ ಬಿಸಿನೀರೂ. ಚಕ್ರ ನಿಧಾನವಾಯಿತು. ದೀಪ ಕೆಂಪಾಗಿ, ಒಮ್ಮೆ ಮಿಣುಕಿ, ಆರಿತು.

ಕತ್ತಲಲ್ಲಿ ಭೀಮಮ್ಮನ ದನಿ ಕೇಳಿಸಿತು:

“ಯಾಕೋ ತಮ್ಮಾ, ನಿನ್ನ ಮೋರಿಗೂ ಕರೆಂಟ್ ಹೋತೇನು?”